ರ‍್ಯಾಮ್ ಕಾಣಿಸ್ತಿಲ್ಲ ಅಂದ್ರೆ ರ‍್ಯಾಮ್ ಸತ್ತಿದೆ ಅಂತಲ್ಲ

ಹೊಸದಾಗಿ ಜೋಡಿಸಿದ ಕಂಪ್ಯೂಟರ್ ಆನ್ ಮಾಡ್ತೀರಿ. ದುಡ್ಡು ಕೊಟ್ಟಿದ್ದು 32 ಜಿಬಿಗೆ, ಬಯೋಸ್ ತೋರಿಸ್ತಿರೋದು 16. ಅಂಗಡಿಗೆ ಫೋನ್ ಮಾಡಿದ್ರೆ ಉತ್ತರ ರೆಡಿ ಇರತ್ತೆ: "ಸ್ಟಿಕ್ ಹೋಗಿದೆ ಸಾರ್, ಬೇರೆ ಹಾಕ್ಸಿ." ಕ್ಯಾಬಿನೆಟ್ ಬಿಚ್ಚಿ ನೋಡಿರಲ್ಲ, ಒಂದು ಪ್ರಶ್ನೆನೂ ಕೇಳಿರಲ್ಲ. ನಂಗೆ ಸಿಟ್ಟು ಬರೋದು ಇಲ್ಲೇ.

ರ‍್ಯಾಮ್ ಅಗ್ಗ ಇದ್ದಾಗ ಈ ಸೋಮಾರಿತನ ಹೇಗೋ ನಡೀತಿತ್ತು. 2025ರ ಕೊನೆ ಹೊತ್ತಿಗೆ ಎಐ ಡೇಟಾ ಸೆಂಟರ್‌ಗಳು ಮೆಮೊರಿ ಚಿಪ್ಪುಗಳನ್ನ ಬಾಚಿಕೊಂಡು ಬೆಲೆ ಎಲ್ಲಿಗೋ ಹೋಯ್ತು. ಆಮೇಲೂ "ಇನ್ನೊಂದು ತಗೊಳ್ಳಿ" ಅನ್ನೋದು ಸಲಹೆ ಅಲ್ಲ, ಊಹೆ. ಅದೂ ನಮ್ಮ ದುಡ್ಡಲ್ಲಿ.

ವಿಷಯ ಏನಪ್ಪಾ ಅಂದ್ರೆ, ಮೆಮೊರಿ ಕಂಟ್ರೋಲರ್ ಈಗ ಮದರ್‌ಬೋರ್ಡಿನ ಚಿಪ್‌ಸೆಟ್ಟಲ್ಲಿ ಇರಲ್ಲ. ಎಎಂಡಿ 2003ರ ಅಥ್ಲಾನ್ 64ರಲ್ಲಿ, ಇಂಟೆಲ್ 2008ರ ಮೊದಲ ಕೋರ್ ಐ7ರಲ್ಲಿ ಅದನ್ನ ಪ್ರೊಸೆಸರ್ ಒಳಗೇ ತಂದು ಕೂರಿಸಿದವು. ಹಾಗಾಗಿ ಪ್ರೊಸೆಸರ್, ಸಾಕೆಟ್ಟಿನ ಪಿನ್ನು, ಬೋರ್ಡಿನ ತಾಮ್ರದ ಗೆರೆ, ಸ್ಲಾಟು, ಕೊನೆಗೆ 288 ಪಿನ್ನಿನ ಸ್ಟಿಕ್ಕು... ಇಷ್ಟುದ್ದದ ದಾರಿ ಅದು. ಎಲ್ಲಿ ಕಡಿದ್ರೂ ಪರದೆ ಮೇಲೆ ಕಾಣೋದು ಒಂದೇ: ಮೆಮೊರಿ ಇಲ್ಲ. ಪ್ರತಿ ಸಲ ಸ್ಟಿಕ್ಕನ್ನೇ ಬಯ್ಯೋದು ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಕಳೆದ ವರ್ಷ ನನ್ನ ಚಿಕ್ಕಪ್ಪನ ಮಗನಿಗೆ ಇದೇ ಆಯ್ತು. ಹಾಸನದಲ್ಲಿ ಕಾಲೇಜು, ಅಪ್ಪನ ದುಡ್ಡಲ್ಲಿ ತಗೊಂಡ ಮೆಷೀನು. ಫೋನಲ್ಲೇ ಹೇಳಿದೆ: "ಪವರ್ ಕೇಬಲ್ ತೆಗಿ, ಎರಡೂ ಸ್ಟಿಕ್ ಬಿಚ್ಚು. ಪ್ರೊಸೆಸರ್‌ನಿಂದ ಎರಡನೇ ಸ್ಲಾಟಿಗೆ, ಅಂದ್ರೆ ಎ2ಗೆ, ಒಂದನ್ನ ಮಾತ್ರ ಹಾಕು. ಟಕ್ ಅಂತ ಸದ್ದು ಬರೋ ತನಕ ಒತ್ತು." ಬೂಟ್ ಆಯ್ತು. ಅದನ್ನ ತೆಗೆದು ಅಲ್ಲೇ ಇನ್ನೊಂದು ಹಾಕ್ದ. ಅದೂ ಬೂಟ್ ಆಯ್ತು! ಅಂಗಡಿಯವರು ಸಾಯಿಸಿದ್ದ ಸ್ಟಿಕ್ಕು ಚೆನ್ನಾಗೇ ಬದುಕಿತ್ತು :-) ಆಮೇಲೆ ಒಂದೊಂದನ್ನೇ ನಾಲ್ಕನೇ ಸ್ಲಾಟು ಬಿ2ಗೆ ಹಾಕಿ ನೋಡ್ದ. ಎರಡಕ್ಕೂ ಕಪ್ಪು ಪರದೆ. ಬಯೋಸ್ ರೀಸೆಟ್ ಮಾಡಿದ್ರೂ ಅಷ್ಟೇ. ಅಂದ್ರೆ ಬಿ ಚಾನೆಲ್ಲಿನ ದಾರಿಯಲ್ಲೇ ಏನೋ ಕೆಟ್ಟಿದೆ. ಕೂಲರ್ ಬಿಚ್ಚಿ, ಪ್ರೊಸೆಸರ್ ಎತ್ತಿ, ಮೊಬೈಲ್ ಟಾರ್ಚ್ ಹಿಡಿದ್ರೆ ಸಾಕೆಟ್ಟಿನ 1700 ಪಿನ್ನುಗಳಲ್ಲಿ ಒಂದು ವಾಲಿಕೊಂಡಿತ್ತು.

(ಹಾಗಂತ ಎಲ್ಲ ಕಪ್ಪು ಪರದೆಗೂ ಗಾಬರಿ ಬೀಳಬೇಡಿ. ಡಿಡಿಆರ್ 5 ಬೋರ್ಡುಗಳು, ಅದ್ರಲ್ಲೂ ಎಎಂಡಿಯ ಎಎಂ5, ಮೊದಲ ಸಲ ಮೆಮೊರಿಯನ್ನ ಪಳಗಿಸಿಕೊಳ್ಳೋಕೆ ಕೆಲವು ನಿಮಿಷ ತಗೋತಾವೆ. ಎದ್ದು ಹೋಗಿ ಕಾಫಿ ಮಾಡ್ಕೊಂಡು ಬನ್ನಿ. ಇನ್ನು ಬಯೋಸ್ 32 ಅಂತ ತೋರಿಸಿ ವಿಂಡೋಸ್ ಮಾತ್ರ ಕಮ್ಮಿ ತೋರಿಸಿದ್ರೆ ಮೊದಲು ಎಂಎಸ್‌ಕಾನ್ಫಿಗ್‌ನ ಬೂಟ್ ಆಯ್ಕೆಗಳಲ್ಲಿ ಮ್ಯಾಕ್ಸಿಮಮ್ ಮೆಮೊರಿಗೆ ಟಿಕ್ ಬಿದ್ದಿದೆಯಾ ನೋಡಿ.)

ನಿಜವಾದ ಜಗಳ ಶುರುವಾಗಿದ್ದು ಆಮೇಲೆ. "ಪಿನ್ನು ಬಗ್ಗಿಸಿದ್ದು ನೀವೇ, ಅದಕ್ಕೆ ವಾರಂಟಿ ಬರಲ್ಲ" ಅಂದ್ರು ಅಂಗಡಿಯವರು. ಬಗ್ಗಿದ ಪಿನ್ನಿಗೆ ಸಾಮಾನ್ಯವಾಗಿ ವಾರಂಟಿ ಬರಲ್ಲ, ಆ ಮಾತು ಸರಿ. ಆದ್ರೆ ಪ್ರೊಸೆಸರ್ ಕೂರಿಸಿದ್ದು ಇವನಲ್ಲ, ಅವರೇ. ಬಿಲ್ಲಲ್ಲಿ ಅಸೆಂಬ್ಲಿ ಚಾರ್ಜ್ ಅಂತ ಬರೆದಿದ್ದ ಒಂದು ಸಾಲು ಇಲ್ದಿದ್ರೆ ಹುಡುಗ ಬೋರ್ಡಿನ ದುಡ್ಡು ಕಳ್ಕೊತಿದ್ದ. ಮೊದಲ ದಿನ ಅವರ ಮಾತು ಕೇಳಿ ಹೊಸ ಸ್ಟಿಕ್ ತಗೊಂಡಿದ್ರೆ ಆ ದುಡ್ಡೂ ಹೋಗ್ತಿತ್ತು, ಕಂಪ್ಯೂಟರ್ ಮಾತ್ರ ಆಗಲೂ 16 ಅಂತಲೇ ಹೇಳ್ತಿತ್ತು.

ಅದಕ್ಕೇ ನಾನು ಹೇಳೋದು, ಅಸೆಂಬ್ಲಿಗೆ ದುಡ್ಡು ತಗೊಳ್ಳೋ ಅಂಗಡಿಯವರು ಪ್ರೊಸೆಸರ್ ಕೂರಿಸೋ ಮುಂಚೆ ಖಾಲಿ ಸಾಕೆಟ್ಟಿನ ಫೋಟೋ ತೆಗೆದು ಗಿರಾಕಿಗೆ ಕೊಡಬೇಕು. ಎಲ್ಲ ಸ್ಟಿಕ್ಕೂ ಬಯೋಸಲ್ಲಿ ಕಾಣಿಸೋದನ್ನ ಎದುರಿಗೇ ತೋರಿಸಬೇಕು. ಐದು ನಿಮಿಷದ ಕೆಲಸ ರೀ. ಅವರು ಕೊಡದಿದ್ರೆ ನೀವೇ ಪಕ್ಕದಲ್ಲಿ ನಿಂತು ಫೋಟೋ ತೆಗೀರಿ, ಮುಖ ಸಿಂಡರಿಸಿಕೊಂಡ್ರೆ ಸಿಂಡರಿಸಿಕೊಳ್ಲಿ.

ಬೋರ್ಡು ಹತ್ತು ದಿನಕ್ಕೆ ಬದಲಾಗಿ ಬಂತು. ಈ ಸಲ ಪ್ರೊಸೆಸರ್ ಅವನೇ ಕೂರಿಸ್ದ. ನಿಮ್ಮೂರಲ್ಲಿ ಸಾಕೆಟ್ ತೋರಿಸಿ ಕೂರಿಸೋ ಅಂಗಡಿ ಯಾವುದಾದ್ರೂ ಇದೆಯಾ?