ಕೊಟ್ಟದ್ದು ಯಾರನ್ನು, ಕೇಳಿದ್ದು ಯಾರನ್ನು?

2024ರ ಡಿಸೆಂಬರ್ 11ರಂದು ಬಾಸ್ಟನ್ ರೆಡ್ ಸಾಕ್ಸ್ ಬೇಸ್‌ಬಾಲ್ ತಂಡವು ತನ್ನ ಬದ್ಧ ಎದುರಾಳಿ ನ್ಯೂಯಾರ್ಕ್ ಯಾಂಕೀಸ್ ತಂಡದೊಡನೆ ಒಂದು ಸಣ್ಣ ವಿನಿಮಯ ಮಾಡಿಕೊಂಡಿತು. ಬಾಸ್ಟನ್ನಿಗೆ ಬಂದವನು ಕಾರ್ಲೋಸ್ ನಾರ್ವಾಯೆಸ್ ಎಂಬ ವೆನೆಜುವೆಲಾದ ಕ್ಯಾಚರ್; ಯಾಂಕೀಸ್ ಪರವಾಗಿ ಆ ವರ್ಷ ಅವನು ಆಡಿದ್ದು ಆರೇ ಪಂದ್ಯ. ಹೋದವನು ಎಲ್ಮರ್ ರೋಡ್ರಿಗಸ್-ಕ್ರೂಸ್, ಪ್ವೆರ್ಟೊ ರಿಕೋದಿಂದ ಬಂದ 21ರ ಹರೆಯದ ಪಿಚರ್, ಇನ್ನೂ ಕೆಳ ದರ್ಜೆಯ ಲೀಗ್‌ಗಳಲ್ಲಿ ಪಳಗುತ್ತಿದ್ದವನು. ಅದೇ ದಿನ ಗ್ಯಾರೆಟ್ ಕ್ರೋಶೆ ಎಂಬ ಹೆಸರಾಂತ ಪಿಚರನನ್ನು ಪಡೆಯಲು ಬಾಸ್ಟನ್ ತನ್ನ ಅತ್ಯಂತ ಭರವಸೆಯ ಎಳೆಯ ಕ್ಯಾಚರ್ ಕೈಲ್ ಟೀಲ್‌ನನ್ನು ಚಿಕಾಗೋಗೆ ಕೊಟ್ಟಿತ್ತು. ತೆರವಾದ ಜಾಗಕ್ಕೆ ಒಬ್ಬ ಬದಲಿ ಕ್ಯಾಚರ್ ಬೇಕಿತ್ತು, ಅಷ್ಟೇ.

ಪರೀಕ್ಷೆಯ ಉತ್ತರಪತ್ರಿಕೆಗಳ ರಾಶಿಯ ನಡುವೆ ಕುಳಿತಿದ್ದ ನಾನು ಸುದ್ದಿ ಓದಿದ ಕೂಡಲೇ ಮಾಡಿದ ಕೆಲಸವನ್ನು ಇಲ್ಲಿ ಒಪ್ಪಿಕೊಳ್ಳಬೇಕು. ಕನ್ನಡದ ಗೆಳೆಯರ ವಾಟ್ಸ್ಯಾಪ್ ಗುಂಪಿನಲ್ಲಿ, ‘ಕೊಟ್ಟದ್ದು ಜಾಸ್ತಿಯಾಯಿತು, ಪಿಚರ್ ಬೆಳೆಯುವ ಹುಡುಗ’ ಎಂದು ಬರೆದೆ. ಇಬ್ಬರು ಒಪ್ಪಿದರು, ಒಬ್ಬರು ಜಗಳಕ್ಕೆ ಬಂದರು. ಅರ್ಧ ಗಂಟೆ ನಾವು ಸಂತೆಯಲ್ಲಿ ಹೋರಿಯ ಹಲ್ಲು ನೋಡುವವರಂತೆ ಮಾತನಾಡಿದೆವು. ನಾವೆಲ್ಲ ಕಾರ್ಮಿಕ ಹಕ್ಕುಗಳ ಬಗ್ಗೆ ಲೇಖನ ಬರೆಯುವವರು, ಮುಷ್ಕರಗಳಿಗೆ ಬೆಂಬಲ ಸೂಚಿಸಿ ಸಹಿ ಹಾಕುವವರು. ಆ ಇಬ್ಬರು ಆಟಗಾರರಲ್ಲಿ ಯಾರ ಒಪ್ಪಿಗೆಯನ್ನಾದರೂ ಯಾರಾದರೂ ಪಡೆಯಬೇಕಿತ್ತೇ ಎಂಬ ಪ್ರಶ್ನೆ ಒಬ್ಬರ ಬಾಯಿಂದಲೂ ಬರಲಿಲ್ಲ.

ನಿಯಮದ ಪ್ರಕಾರ ಪಡೆಯಬೇಕಿರಲಿಲ್ಲ. ನನ್ನ ತಕರಾರು ಇರುವುದು ಅಲ್ಲಿಯೇ. ಈ ವಿನಿಮಯದಲ್ಲಿ ಯಾರು ಗೆದ್ದರು ಎಂಬ ಚರ್ಚೆ ಎಷ್ಟು ದಿನ ಬೇಕಾದರೂ ನಡೆಯಲಿ. ದುಡಿಯುವ ಮನುಷ್ಯನನ್ನು ಅವನ ಸಹಿಯಿಲ್ಲದೆ ಒಬ್ಬ ಒಡೆಯನಿಂದ ಇನ್ನೊಬ್ಬ ಒಡೆಯನಿಗೆ ದಾಟಿಸುವ ಪದ್ಧತಿ ಮಾತ್ರ ಅನ್ಯಾಯದ್ದು.

ಈ ಅನ್ಯಾಯವನ್ನು ಸಹಜವೆನ್ನಿಸುವಂತೆ ಮಾಡುವುದು ಭಾಷೆ. ಕಿರಿಯ ಆಟಗಾರರಿರುವ ಮೈನರ್ ಲೀಗ್ ಜಾಲಕ್ಕೆ ಇಲ್ಲಿ ‘ಫಾರ್ಮ್’ ಎನ್ನುತ್ತಾರೆ. ಅಲ್ಲಿ ಬೆಳೆಯುವ ಹುಡುಗ ‘ಪ್ರಾಸ್ಪೆಕ್ಟ್’, ಅಂದರೆ ಇನ್ನೂ ಅಗೆಯದ ಚಿನ್ನ. ಒಬ್ಬ ಆಟಗಾರನ ಬೆಲೆ ಕಟ್ಟುವಾಗ ಪತ್ರಕರ್ತರು ಕೇಳುವುದು, ಅವನ ಮೇಲೆ ತಂಡಕ್ಕೆ ಎಷ್ಟು ವರ್ಷಗಳ ‘ಕಂಟ್ರೋಲ್’ ಉಳಿದಿದೆ ಎಂದು. ಈ ಪದವನ್ನು ಯಾರೂ ನಾಚಿಕೆಯಿಂದ ಬಳಸುವುದಿಲ್ಲ. ಲೆಕ್ಕವಾದರೂ ಏನು? ಆಯ್ಕೆಯಾದ ಹುಡುಗ ತನ್ನ ತಂಡವನ್ನು ತಾನು ಆರಿಸಿಕೊಳ್ಳುವಂತಿಲ್ಲ. ಆರು ಇಲ್ಲವೇ ಏಳು ಹಂಗಾಮು ಮೈನರ್ ಲೀಗ್‌ನಲ್ಲಿ ಅವನನ್ನು ಹಿಡಿದಿಟ್ಟುಕೊಳ್ಳಬಹುದು. ಮೇಜರ್ ಲೀಗ್ ತಲುಪಿದ ಮೇಲೆ ಸ್ವತಂತ್ರನಾಗಲು ಮತ್ತೆ ಆರು ವರ್ಷದ ಸೇವೆ ಬೇಕು. 18ಕ್ಕೆ ಸಹಿ ಹಾಕಿದವನು 30ರ ಹೊಸ್ತಿಲಲ್ಲಿ ಮೊದಲ ಬಾರಿಗೆ ತನ್ನ ಉದ್ಯೋಗದಾತನನ್ನು ತಾನೇ ಆರಿಸಿಕೊಳ್ಳುವುದು ಇಲ್ಲಿ ಅಪರೂಪವಲ್ಲ. ನಾರ್ವಾಯೆಸ್ 2015ರಲ್ಲಿ, ತನ್ನ 16ನೆಯ ವಯಸ್ಸಿನಲ್ಲಿ ಸಹಿ ಹಾಕಿದವನು. ಒಂಬತ್ತು ವರ್ಷ ಕಾದು ಆರು ಪಂದ್ಯ ಆಡಿದ ಮೇಲೆ ಅವನನ್ನು ಕೈ ಬದಲಾಯಿಸಲಾಯಿತು.

ಆ ದಿನದ ಸುದ್ದಿಯಲ್ಲಿ ನಾನು ಗಮನಿಸದೇ ಹೋದ ಮೂರನೆಯ ಬಾಬೊಂದಿತ್ತು. ಪಿಚರನ ಜೊತೆಗೆ ಬಾಸ್ಟನ್ ತನ್ನ ಅಂತಾರಾಷ್ಟ್ರೀಯ ಬೋನಸ್ ನಿಧಿಯ ಒಂದು ಪಾಲನ್ನೂ ಯಾಂಕೀಸ್‌ಗೆ ಕೊಟ್ಟಿತು. ಇದು ನಗದಲ್ಲ. ಡೊಮಿನಿಕನ್ ಗಣರಾಜ್ಯ, ವೆನೆಜುವೆಲಾ ಮುಂತಾದ ಕಡೆಗಳ ಹುಡುಗರನ್ನು 16ನೆಯ ವಯಸ್ಸಿನಲ್ಲಿ ಸಹಿ ಹಾಕಿಸಿಕೊಳ್ಳಲು ಪ್ರತಿ ತಂಡಕ್ಕೂ ವರ್ಷಕ್ಕಿಷ್ಟು ಎಂದು ಮಿತಿಯಿದೆ. ಆ ಮಿತಿಯನ್ನೇ ಒಂದು ತಂಡ ಇನ್ನೊಂದಕ್ಕೆ ಮಾರಬಹುದು. ಅಂದರೆ ಒಬ್ಬ ಬದಲಿ ಕ್ಯಾಚರನಿಗಾಗಿ ಕೊಟ್ಟದ್ದು ಒಬ್ಬ ಯುವಕನನ್ನು ಮತ್ತು ಹೆಸರೇ ಗೊತ್ತಿಲ್ಲದ ಯಾವುದೋ ಬಾಲಕನನ್ನು ಕೊಳ್ಳುವ ಹಕ್ಕನ್ನು.

ಪ್ರಶ್ನೆ ಹೊಸದಲ್ಲ. ಸೇಂಟ್ ಲೂಯಿಸ್ ತಂಡಕ್ಕೆ 12 ವರ್ಷ ಆಡಿದ ಕರ್ಟ್ ಫ್ಲಡ್ ಎಂಬ ಕಪ್ಪು ಆಟಗಾರ 1969ರ ಅಕ್ಟೋಬರಿನಲ್ಲಿ ತನ್ನನ್ನು ಫಿಲಡೆಲ್ಫಿಯಾಕ್ಕೆ ಕೊಡಲಾಗಿದೆ ಎಂದು ತಿಳಿದಾಗ ಹೋಗಲು ಒಪ್ಪಲಿಲ್ಲ. ಡಿಸೆಂಬರ್ 24ರಂದು ಬೇಸ್‌ಬಾಲ್ ಕಮಿಷನರ್ ಬೌಯಿ ಕ್ಯೂನ್‌ಗೆ ಪತ್ರ ಬರೆದು, ತಾನು ಕೊಂಡು ಮಾರುವ ಸ್ವತ್ತಲ್ಲ ಎಂದು ತಿಳಿಸಿದ. ವರ್ಷಕ್ಕೆ 90,000 ಡಾಲರ್ ಪಡೆಯುವವನಿಗೆ ಎಂಥ ಗುಲಾಮಗಿರಿ ಎಂದು ದೂರದರ್ಶನದ ಸಂದರ್ಶಕ ಕೇಳಿದಾಗ, ಒಳ್ಳೆಯ ಸಂಬಳದ ಗುಲಾಮನೂ ಗುಲಾಮನೇ ಎಂಬರ್ಥದ ಉತ್ತರ ಕೊಟ್ಟ. ಇಂದಿಗೂ ‘ಕೋಟಿ ಕೋಟಿ ಎಣಿಸುವವರಿಗೆ ಎಂಥ ಕಷ್ಟ’ ಎಂದು ಕೇಳುವವರಿಗೆ ಇದಕ್ಕಿಂತ ಉತ್ತಮ ಉತ್ತರ ನನ್ನಲ್ಲಿಲ್ಲ. ನ್ಯಾಯಾಲಯದಲ್ಲಿ ಅವನ ಪರ ಸಾಕ್ಷಿ ಹೇಳಲು ನಿವೃತ್ತರಾಗಿದ್ದ ಜಾಕಿ ರಾಬಿನ್ಸನ್, ಹ್ಯಾಂಕ್ ಗ್ರೀನ್‌ಬರ್ಗ್ ಬಂದರು. ಆಗ ಆಡುತ್ತಿದ್ದ ಆಟಗಾರರಲ್ಲಿ ಒಬ್ಬನೂ ಬರಲಿಲ್ಲ. 1972ರಲ್ಲಿ ಸುಪ್ರೀಂ ಕೋರ್ಟು 5-3ರಿಂದ ಅವನ ವಿರುದ್ಧ ತೀರ್ಪಿತ್ತಿತು. ತೀರ್ಪು ಬರೆದ ನ್ಯಾಯಮೂರ್ತಿ ಬ್ಲ್ಯಾಕ್‌ಮನ್ ಮೊದಲ ಭಾಗವನ್ನು ಬೇಸ್‌ಬಾಲಿನ ಗುಣಗಾನಕ್ಕೇ ಮೀಸಲಿಟ್ಟು ಹಳೆಯ ಆಟಗಾರರ ಉದ್ದನೆಯ ಪಟ್ಟಿ ಕೊಟ್ಟರು; ಬಹುಮತದಲ್ಲೇ ಇದ್ದ ಇಬ್ಬರು ನ್ಯಾಯಮೂರ್ತಿಗಳು ಆ ಭಾಗಕ್ಕೆ ಸಹಿ ಹಾಕಲು ನಿರಾಕರಿಸಿದರು. ಭಕ್ತಿ ಹೆಚ್ಚಾದಲ್ಲಿ ನ್ಯಾಯಕ್ಕೆ ಏನಾಗುತ್ತದೆ ಎಂಬುದು ನಮಗೆ, ಭಾರತದಿಂದ ಬಂದವರಿಗೆ, ಬಿಡಿಸಿ ಹೇಳಬೇಕಿಲ್ಲ.

ಮುಂದೆ ಸಂಘದ ಹೋರಾಟದಿಂದ ಕೆಲವು ಬಾಗಿಲು ತೆರೆದವು. ಹತ್ತು ವರ್ಷ ಮೇಜರ್ ಲೀಗ್‌ನಲ್ಲಿ ಆಡಿ, ಕೊನೆಯ ಐದನ್ನು ಒಂದೇ ತಂಡದಲ್ಲಿ ಕಳೆದವನು ವಿನಿಮಯವನ್ನು ತಿರಸ್ಕರಿಸಬಹುದು. ತಾರೆಗಳು ಕರಾರಿನಲ್ಲೇ ಆ ಹಕ್ಕನ್ನು ಬರೆಸಿಕೊಳ್ಳುತ್ತಾರೆ. ಕೆಳಗಿನವರಿಗೆ ಏನೂ ದಕ್ಕಲಿಲ್ಲ. ಫ್ಲಡ್‌ನ ಹೆಸರನ್ನೇ ಹೊತ್ತ 1998ರ ಕಾಯಿದೆ ಮೈನರ್ ಲೀಗ್ ಆಟಗಾರರನ್ನು ಹೊರಗಿಟ್ಟಿತು. 2018ರಲ್ಲಿ ಸರ್ಕಾರಿ ವೆಚ್ಚದ ದೊಡ್ಡ ಮಸೂದೆಯೊಳಗೆ ತೂರಿಸಿದ ಇನ್ನೊಂದು ಕಾಯಿದೆ ಅವರಿಗೆ ಓವರ್‌ಟೈಮ್ ಹಕ್ಕನ್ನೂ ಇಲ್ಲವಾಗಿಸಿತು. ಅದರ ಹೆಸರು ‘ಅಮೆರಿಕದ ಕ್ರೀಡೆಯನ್ನು ಉಳಿಸಿ’ ಎಂದು! 2022ರಲ್ಲಿ ಕೊನೆಗೂ ಅವರು ಸಂಘ ಕಟ್ಟಿದರು. 2023ರ ಒಪ್ಪಂದದಿಂದ ಡಬಲ್-ಎ ದರ್ಜೆಯ ಕನಿಷ್ಠ ವೇತನ ವರ್ಷಕ್ಕೆ 13,800 ಡಾಲರಿನಿಂದ 30,250ಕ್ಕೆ ಏರಿತು. ಆ ವರ್ಷ ಮೇಜರ್ ಲೀಗ್‌ನ ಕನಿಷ್ಠ ವೇತನ 7,20,000. ಇದನ್ನು ಓದಿದ ಮೇಲೂ ಕೋಟಿಯ ಮಾತಾಡುವವರು ಯಾವ ಆಟಗಾರನನ್ನು ಕಣ್ಣ ಮುಂದಿಟ್ಟುಕೊಂಡಿದ್ದಾರೋ ತಿಳಿಯದು.

ನಮ್ಮ ಓದುಗರಲ್ಲಿ ಹಲವರು ಕೊಲ್ಲಿ ದೇಶಗಳಲ್ಲಿದ್ದಾರೆ. ಕಫಾಲಾ ಪದ್ಧತಿಯನ್ನು ನಾವು ಇದೇ ಪುಟಗಳಲ್ಲಿ ಖಂಡಿಸಿದ್ದೇವೆ: ಒಡೆಯನ ಒಪ್ಪಿಗೆಯಿಲ್ಲದೆ ಕಾರ್ಮಿಕ ಕೆಲಸ ಬದಲಿಸುವಂತಿಲ್ಲ ಎಂಬುದು ಅದರ ತಿರುಳು. ಕತಾರ್ 2020ರಲ್ಲಿ ಆ ಷರತ್ತನ್ನು ತೆಗೆದುಹಾಕಿತು. ಬೇಸ್‌ಬಾಲ್‌ನಲ್ಲಿ ಆ ಬೀಗವೂ ಇದೆ, ಅದರ ಮೇಲೆ ಇನ್ನೊಂದು: ಕಾರ್ಮಿಕನ ಒಪ್ಪಿಗೆಯಿಲ್ಲದೆ ಒಡೆಯರು ಅವನನ್ನು ಬದಲಿಸಿಕೊಳ್ಳಬಹುದು. ಎಚ್-1ಬಿ ವೀಸಾದ ಸಂಕಟಗಳನ್ನು ನಾನೂ ಬಲ್ಲೆ. ಆದರೂ ಕಂಪನಿಯೊಂದು ತನ್ನ ಇಂಜಿನಿಯರನನ್ನು ಎದುರಾಳಿಗೆ ಕೊಟ್ಟು ಅಲ್ಲಿನ ಲೆಕ್ಕಿಗನನ್ನು ಕರೆತಂದಿತು, ಇಬ್ಬರಿಗೂ ಸುದ್ದಿ ಫೋನಿನಲ್ಲಿ ತಿಳಿಯಿತು ಎಂದರೆ ನಾವು ಸುಮ್ಮನಿರುತ್ತೇವೆಯೇ?

ಒಪ್ಪಿಗೆ ಕೇಳಿದರೆ ಆಟವೇ ನಿಂತುಹೋಗುತ್ತದೆ ಎಂಬುದು ಒಡೆಯರ ಹಳೆಯ ಬೆದರಿಕೆ. ಫುಟ್‌ಬಾಲ್ ನಿಂತಿಲ್ಲ. ಯುರೋಪಿನಲ್ಲಿ ಎಷ್ಟೇ ದೊಡ್ಡ ಮೊತ್ತಕ್ಕೆ ಕ್ಲಬ್ಬುಗಳು ಒಪ್ಪಂದ ಮಾಡಿಕೊಂಡರೂ ಆಟಗಾರ ಸಹಿ ಹಾಕದಿದ್ದರೆ ವರ್ಗಾವಣೆಯಿಲ್ಲ. ಇನ್ನು ನಾರ್ವಾಯೆಸ್‌ನ ಮಾತು. ಅವನಿಗೆ ಈ ವಿನಿಮಯದಿಂದ ಒಳಿತೇ ಆಯಿತು ಎಂದು ಗೆಳೆಯರು ಹೇಳುತ್ತಾರೆ, ಅದು ನಿಜ. 2025ರ ಏಪ್ರಿಲ್‌ನಲ್ಲಿ ಬಾಸ್ಟನ್ನಿನ ಮುಖ್ಯ ಕ್ಯಾಚರ್ ಕಾನರ್ ವಾಂಗ್ ಬೆರಳು ಮುರಿದುಕೊಂಡ, ಬದಲಿಯಾಗಿ ಬಂದವನೇ ಮುಖ್ಯನಾದ. ಕೇಳಿದ್ದರೆ ನಾರ್ವಾಯೆಸ್ ಸಂತೋಷದಿಂದಲೇ ಒಪ್ಪುತ್ತಿದ್ದನೇನೋ. ಹಾಗಾದರೆ ಕೇಳಲು ಹಿಂಜರಿಕೆ ಏಕೆ?

ಇತಿಹಾಸದಲ್ಲಿ ಇನ್ನೊಬ್ಬ ಬದಲಿ ಕ್ಯಾಚರ್ ಇದ್ದಾನೆ, ಹ್ಯಾರಿ ಚಿಟಿ. 1962ರಲ್ಲಿ ‘ಮುಂದೆ ಹೆಸರಿಸಲಾಗುವ ಆಟಗಾರ’ನೊಬ್ಬನಿಗೆ ಬದಲಾಗಿ ಕ್ಲೀವ್‌ಲ್ಯಾಂಡ್ ಅವನನ್ನು ನ್ಯೂಯಾರ್ಕ್ ಮೆಟ್ಸ್‌ಗೆ ಕೊಟ್ಟಿತು. ಹದಿನೈದು ಪಂದ್ಯಗಳ ನಂತರ ಮೆಟ್ಸ್ ಹೆಸರಿಸಿದ ಆಟಗಾರ ಸ್ವತಃ ಚಿಟಿ. ತನಗೆ ತಾನೇ ಬದಲಾಗಿ ಅವನು ಹಿಂದಿರುಗಿದ. ಬೇಸ್‌ಬಾಲ್ ಪ್ರಿಯರು ಇದನ್ನು ಇಂದಿಗೂ ನಗುತ್ತ ಹೇಳುತ್ತಾರೆ. ನಾನೂ ಎಷ್ಟೋ ಸಲ ನಕ್ಕು ಹೇಳಿದ್ದೇನೆ.

ಮೇಜರ್ ಲೀಗ್ ಆಟಗಾರರ ಒಪ್ಪಂದ 2026ರ ಡಿಸೆಂಬರ್ 1ರಂದು ಮುಗಿಯುತ್ತದೆ, ಮೈನರ್ ಲೀಗ್‌ನದು 2027ರ ಹಂಗಾಮಿನ ನಂತರ. ಎರಡೂ ಮಾತುಕತೆಗಳಲ್ಲಿ ವೇತನದ ಮಿತಿ, ಟಿವಿ ಹಣದ ಹಂಚಿಕೆಗಳ ಗದ್ದಲವಿರುತ್ತದೆ. ಒಂದೇ ಸಾಲಿನ ಕಲಮು ಸಾಕು: ಯಾವ ದರ್ಜೆಯ ಆಟಗಾರನೇ ಆಗಲಿ, ಅವನ ಲಿಖಿತ ಒಪ್ಪಿಗೆಯಿಲ್ಲದೆ ವಿನಿಮಯ ಸಿಂಧುವಲ್ಲ. ಅದು ಮೊದಲು ಬರಬೇಕಾದದ್ದು ಕೆಳಗಿನ ಲೀಗ್‌ಗಳ ಒಪ್ಪಂದಕ್ಕೆ, ರೋಡ್ರಿಗಸ್-ಕ್ರೂಸ್‌ನಂಥವರು ಇರುವಲ್ಲಿಗೆ. ಬಾಲಕರ ಮೇಲಿನ ಖರೀದಿ ಹಕ್ಕಿನ ಮಾರಾಟವಂತೂ ಪೂರ್ತಿ ನಿಲ್ಲಬೇಕು. ಟಿಕೆಟ್ ಕೊಳ್ಳುವ ನಾವು, ಫೆನ್‌ವೇ ಮೈದಾನದಲ್ಲಿ ಸಾಲು ನಿಲ್ಲುವ ನಾನೂ ಸೇರಿ, ಇದನ್ನು ತಂಡಗಳಿಗೆ ಬರೆದು ಕೇಳೋಣ. ಸಂಘಕ್ಕೂ ಬರೆಯೋಣ, 1970ರಲ್ಲಿ ಆ ನ್ಯಾಯಾಲಯದ ಬೆಂಚುಗಳು ಖಾಲಿ ಇದ್ದುದನ್ನು ಅದರ ಸದಸ್ಯರಿಗೆ ನೆನಪಿಸೋಣ.