ಟಿಸಿ ಕೆಳಗಿನ ಹತ್ತು ಮೋಟರುಗಳಿಗೆ ಇಂಟರ್‌ನೆಟ್ ಯಾಕೆ?

ಇತ್ತೀಚೆಗೆ ‘ಸ್ಮಾರ್ಟ್ ಕೃಷಿ’ಯ ಹೆಸರೆತ್ತದೆ ನಮ್ಮ ಇಂಜಿನಿಯರಿಂಗ್ ಕಾಲೇಜುಗಳ ಯಾವ ವಿಚಾರ ಸಂಕಿರಣವೂ ಮುಗಿಯುವುದಿಲ್ಲ. ಪರದೆಯ ಮೇಲೆ ಬರುವ ಚಿತ್ರ ಎಲ್ಲ ಕಡೆಯೂ ಒಂದೇ. ಹಸಿರು ಹೊಲ, ಮೇಲೊಂದು ಡ್ರೋನು, ಮಣ್ಣಿನಲ್ಲಿ ನೆಟ್ಟ ಒಂದು ಕಡ್ಡಿ. ಕಡ್ಡಿಯಿಂದ ಹೊರಟ ಬಾಣ ಒಂದು ಮೋಡಕ್ಕೆ ಹೋಗುತ್ತದೆ, ಮೋಡದಿಂದ ಇನ್ನೊಂದು ಬಾಣ ಇಳಿದು ನಗುತ್ತಿರುವ ರೈತನ ಮೊಬೈಲಿಗೆ ಬರುತ್ತದೆ. ಮಳೆ ಸುರಿಸದ ಈ ಮೋಡದ ಹೆಸರು ಕ್ಲೌಡ್. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ಹೊಲ ಕಂಡವರಿಗೆ ಆ ಚಿತ್ರದಲ್ಲಿ ಏನಿಲ್ಲ ಎಂಬುದು ತಟ್ಟನೆ ಹೊಳೆಯುತ್ತದೆ. ಅದರಲ್ಲಿ ಟಿಸಿ ಇಲ್ಲ.

ಟಿಸಿ ಅಂದರೆ ಹೊಲದ ನಡುವೆ ಎರಡು ಕಂಬಗಳ ಮೇಲೆ ಕೂತ ಟ್ರಾನ್ಸ್‌ಫಾರ್ಮರ್. ಕರ್ನಾಟಕದಲ್ಲಿ ಪಂಪ್‌ಸೆಟ್ಟಿಗೆ ತ್ರೀಫೇಸ್ ಕರೆಂಟು ಸಿಗುವುದು ದಿನಕ್ಕೆ 7 ತಾಸು, ಅದೂ ಹಗಲಿಷ್ಟು ರಾತ್ರಿಯಿಷ್ಟು ಎಂದು ಹಂಚಿಕೊಂಡು. ರಾತ್ರಿ ಯಾವಾಗ ಬರುತ್ತದೋ ಎಂದು ಹೊಲಕ್ಕೆ ಹೋಗಿ ಕಾಯುವುದು ಯಾರಿಗೂ ಬೇಡ. ಕತ್ತಲಲ್ಲಿ ಹಾವಿದೆ, ಒದ್ದೆ ನೆಲದಲ್ಲಿ ತುಕ್ಕು ಹಿಡಿದ ಸ್ಟಾರ್ಟರ್ ಡಬ್ಬಿಯ ಶಾಕ್ ಇದೆ. ಹಾಗಾಗಿ ಬಹಳ ಜನ ಆಟೋ ಸ್ವಿಚ್ ಹಾಕಿಸಿರುತ್ತಾರೆ. ಕರೆಂಟು ಬಂದ ಕೂಡಲೇ ಮೋಟರು ತಾನೇ ಚಾಲೂ ಆಗುತ್ತದೆ. ಒಬ್ಬನದಲ್ಲ, ಎಲ್ಲರದೂ, ಒಂದೇ ಗಳಿಗೆಗೆ.

ಇಲ್ಲೊಂದು ಸಣ್ಣ ಲೆಕ್ಕ ಹಾಕೋಣ. ಒಂದು 63 ಕೆವಿಎ ಟಿಸಿ ತಡೆದುಕೊಳ್ಳುವ ಕರೆಂಟು ಒಂದೊಂದು ಫೇಸಿಗೆ ಸುಮಾರು 85 ಆಂಪಿಯರ್. 5 ಎಚ್‌ಪಿಯ ಒಂದು ಮೋಟರು ಓಡುವಾಗ ಸುಮಾರು ಏಳೂವರೆ ಆಂಪಿಯರ್ ಎಳೆಯುತ್ತದೆ. ಹತ್ತು ಮೋಟರಿಗೆ 75. ಸರಿ, ಟಿಸಿ ತಾಳುತ್ತದೆ. ಆದರೆ ನೇರವಾಗಿ ಚಾಲೂ ಆಗುವ ಮೋಟರು ಮೊದಲ ಕೆಲವು ಕ್ಷಣ ಆರು ಪಟ್ಟು ಕರೆಂಟು ಎಳೆಯುತ್ತದೆ. ಹತ್ತೂ ಒಮ್ಮೆಗೇ ಎದ್ದರೆ 450 ಆಂಪಿಯರ್. ವೋಲ್ಟೇಜು ಕುಸಿಯುತ್ತದೆ, ಕುಸಿದದ್ದರಿಂದ ಮೋಟರು ತಿರುಗಲಾರದೆ ಗುಂಯ್ಗುಡುತ್ತದೆ, ಫ್ಯೂಜು ಹಾರುತ್ತದೆ, ಇಲ್ಲವೇ ವೈಂಡಿಂಗ್ ಸುಡುತ್ತದೆ. ಟಿಸಿಯೇ ಸುಟ್ಟರೆ ಹೊಸದು ಬರುವವರೆಗೆ ಹೂ ಬಿಟ್ಟ ಮೆಣಸಿನ ಗಿಡ ಕಾಯಬೇಕು. ಗಿಡ ಕಾಯುವುದಿಲ್ಲ, ಹೂ ಉದುರಿಸುತ್ತದೆ.

ಅದೇ ಹತ್ತು ಮೋಟರುಗಳು ಒಂದಾದ ಮೇಲೊಂದು ಎದ್ದರೆ? ಓಡುತ್ತಿರುವ ಒಂಬತ್ತರದು 67, ಕೊನೆಗೆ ಏಳುವ ಒಂದರದು 45. ಒಟ್ಟು 112, ಅದೂ ಕೆಲವೇ ಕ್ಷಣ. ಟಿಸಿಗೆ ಅದು ಸೀನು ಬಂದಷ್ಟು.

ಅಂದರೆ ಬೇಕಾದದ್ದು ಪಾಳಿ. ಕೆರೆ ನೀರಿನ ಕಾಲದಲ್ಲಿ ನಮ್ಮೂರುಗಳಲ್ಲಿ ನೀರಗಂಟಿ ಮಾಡುತ್ತಿದ್ದ ಕೆಲಸ. ಯಾರ ಗದ್ದೆಗೆ ಯಾವಾಗ ತೂಬು, ಯಾರದು ಮುಗಿಯಿತು, ಯಾರು ಕಾಯಬೇಕು. ವೈರ್‌ಲೆಸ್ ವಿದ್ಯೆಯಲ್ಲಿ ನಾವು ಪ್ರೋಟೊಕಾಲ್ ಎಂದು ಕರೆಯುವುದೂ ಇದನ್ನೇ. ಯಾರು ಯಾವಾಗ ಮಾತಾಡಬೇಕು, ಯಾರು ಸುಮ್ಮನಿರಬೇಕು, ಮಾತಾಡಬೇಕಾದವನು ಸುಮ್ಮನಿದ್ದರೆ ಉಳಿದವರು ಏನು ಮಾಡಬೇಕು ಎಂಬ ಕಟ್ಟಳೆ. ಒಂದು ಟಿಸಿಯ ಕೆಳಗಿನ ಸ್ಟಾರ್ಟರ್ ಡಬ್ಬಿಗಳು ಒಂದರೊಡನೊಂದು ಮಾತಾಡಿದರೆ ಸಾಕು. ಒಂದನೆಯದು ಎದ್ದು ನಿಂತು ‘ನನ್ನದಾಯಿತು’ ಎನ್ನುತ್ತದೆ, ಎರಡನೆಯದು ಏಳುತ್ತದೆ. ಎರಡನೆಯವನಿಗೆ ಇವತ್ತು ನೀರು ಬೇಡವಾಗಿ ಡಬ್ಬಿ ಸುಮ್ಮನಿದ್ದರೆ, 20 ಸೆಕೆಂಡು ನೋಡಿ ಮೂರನೆಯದು ಮುಂದಾಗುತ್ತದೆ. ಕರೆಂಟು ಬರುವುದೇ ಎಲ್ಲ ಡಬ್ಬಿಗಳಿಗೂ ಒಟ್ಟಿಗೆ ಕೇಳುವ ಗಂಟೆ, ಬೇರೆ ಗಡಿಯಾರ ಬೇಕಿಲ್ಲ. ಇಷ್ಟಕ್ಕೆ ಸಿಮ್ ಬೇಡ, ಟವರ್ ಬೇಡ, ಆ್ಯಪ್ ಬೇಡ, ಯಾವುದೋ ನಗರದ ಸರ್ವರಿನ ಅನುಮತಿ ಬೇಡ.

‘ಅಷ್ಟಕ್ಕೆ ರೇಡಿಯೋ ಯಾಕೆ, ಒಂದೊಂದು ಡಬ್ಬಿಗೂ ಬೇರೆಬೇರೆ ಟೈಮರ್ ಇಟ್ಟರಾಯಿತಲ್ಲ?’ ಎಂದು ಯಾರಾದರೂ ಕೇಳಬಹುದು. ಒಳ್ಳೆಯ ಪ್ರಶ್ನೆ. ತಡವಾಗಿ ಚಾಲೂ ಮಾಡುವ ಟೈಮರು ಈಗಲೂ ಸಿಗುತ್ತದೆ. ಆದರೆ ಅದರ ತಿರುಪು ಇರುವುದು ಅವರವರ ಕೈಯಲ್ಲಿ, ಎಲ್ಲರೂ ಅದನ್ನು ಸೊನ್ನೆಯ ಹತ್ತಿರವೇ ಇಟ್ಟುಕೊಳ್ಳುತ್ತಾರೆ. ನಾನಾದರೂ ಹಾಗೇ ಇಡುತ್ತಿದ್ದೆ. ಕುರುಡು ಟೈಮರಿಗೆ ಪಕ್ಕದ ಹೊಲದಲ್ಲಿ ಏನಾಗುತ್ತಿದೆ ಗೊತ್ತಿಲ್ಲ. ಮಾತಾಡುವ ಡಬ್ಬಿಗೆ ಎಷ್ಟು ಮೋಟರು ಈಗ ಓಡುತ್ತಿವೆ ಎಂಬುದು ಗೊತ್ತು, ಸರತಿ ಮುರಿದವನು ಯಾರೆಂಬುದೂ ಗೊತ್ತು.

ಈಗ ಮಾರುಕಟ್ಟೆಯಲ್ಲಿ ಏನಿದೆ ನೋಡಿ. ಮೊಬೈಲ್ ಸ್ಟಾರ್ಟರ್ ಇದೆ. ಮನೆಯಲ್ಲೇ ಕೂತು ಫೋನು ಹಚ್ಚಿದರೆ ಹೊಲದಲ್ಲಿ ಮೋಟರು ಚಾಲೂ. ಇದು ರೈತರಿಗೆ ಮಾಡಿದ ಉಪಕಾರ ಸಣ್ಣದಲ್ಲ. ಎಷ್ಟೋ ಜನರ ರಾತ್ರಿ ನಿದ್ದೆಯನ್ನೂ ಕೆಲವರ ಜೀವವನ್ನೂ ಉಳಿಸಿದೆ. ಆದರೆ ಆ ಡಬ್ಬಿಯೊಳಗೊಂದು ಸಿಮ್ ಇದೆ, ಸಿಮ್ಮಿಗೆ ಹೊಟ್ಟೆಯಿದೆ. ಬರೀ ರಿಂಗ್ ಕೇಳಿಸಿಕೊಳ್ಳುವ ಡಬ್ಬಿ, ಅದು ಸಿನಿಮಾ ನೋಡುವುದಿಲ್ಲ, ಆದರೂ ಡೇಟಾ ಸೇರಿದ ಪ್ಯಾಕನ್ನೇ ತುಂಬಿಸಿಕೊಳ್ಳುತ್ತಿತ್ತು. ಮಾತು ಮತ್ತು ಎಸ್‌ಎಂಎಸ್‌ಗೆ ಮಾತ್ರ ಬೇರೆ ಪ್ಯಾಕ್ ಕೊಡಿ ಎಂದು ಕಂಪನಿಗಳಿಗೆ ಟ್ರಾಯ್ ಹೇಳಿದ್ದು 2024ರ ಡಿಸೆಂಬರಿನಲ್ಲಿ. ಅದಲ್ಲದೆ ಇಂಥ ಬಹಳ ಡಬ್ಬಿಗಳೊಳಗಿರುವುದು 2ಜಿ. ಹಳೆಯ ಜಾಲವನ್ನು ಕಂಪನಿಗಳು ಮುಚ್ಚಿದ ದಿನ ಹೊಲದ ಡಬ್ಬಿ ಮೂಕವಾಗುತ್ತದೆ, ಆ ದಿನ ಯಾವುದೆಂದು ನಿರ್ಧರಿಸುವಾಗ ಹೊಲದವನನ್ನು ಯಾರೂ ಕೇಳುವುದಿಲ್ಲ. ಒಂದು ಮೋಟರಿನಿಂದ ಇನ್ನೂರು ಮೀಟರು ದೂರದ ಇನ್ನೊಂದು ಮೋಟರಿಗೆ ಹೇಳಬೇಕಾದ ಒಂದು ಮಾತನ್ನು ಟವರಿಗೆ ಹತ್ತಿಸಿ, ದೂರದ ಸರ್ವರಿಗೆ ಕಳಿಸಿ, ಮತ್ತೆ ಇಳಿಸಿಕೊಳ್ಳುವುದನ್ನು ನಾವು ಪ್ರಗತಿ ಎನ್ನುತ್ತಿದ್ದೇವೆ.

ಹಾಗಾದರೆ ಸಿದ್ಧ ಪ್ರೋಟೊಕಾಲುಗಳಿಲ್ಲವೇ? ಇವೆ, ಬೇಕಾದಷ್ಟು. ಐಟ್ರಿಪಲ್‌ಇ 802.15.4 ಎಂಬ ಮಾನಕ 2003ರಲ್ಲೇ ಬಂತು, ಅದರ ಹೆಗಲ ಮೇಲೆ ಜಿಗ್‌ಬೀ ಕೂತಿತು. ಕಡಿಮೆ ಖರ್ಚು, ಕಡಿಮೆ ವಿದ್ಯುತ್ತು, ಸಣ್ಣ ಯಂತ್ರ, ಮೂಲ ಆಸೆ ಚೆನ್ನಾಗಿಯೇ ಇತ್ತು. ಆದರೆ ಹೆಚ್ಚು ಬಳಕೆಯಾದದ್ದು 2.4 ಗಿಗಾಹರ್ಟ್ಸಿನಲ್ಲಿ, ಮನೆಯೊಳಗಿನ ಬಲ್ಬಿಗೆ. ಹಾವೇರಿ ಜಿಲ್ಲೆ ಗೋವಿನಜೋಳದ ಜಿಲ್ಲೆ. ಜೂನಿನಲ್ಲಿ ಬಿತ್ತನೆಯ ಹೊತ್ತಿಗೆ ನೀವು ಸೊಂಟದೆತ್ತರದಲ್ಲಿ ಆಂಟೆನಾ ಕಟ್ಟಿ ಪರೀಕ್ಷೆ ಮಾಡಿದರೆ ಎಲ್ಲ ಸೊಗಸು. ಸೆಪ್ಟೆಂಬರಿನಲ್ಲಿ ಜೋಳ ಆಳೆತ್ತರ ಮೀರಿ ನಿಂತಿರುತ್ತದೆ. ನೀರು ತುಂಬಿದ ಎಲೆಗಳ ಆ ಗೋಡೆ 2.4 ಗಿಗಾಹರ್ಟ್ಸಿನ ಅಲೆಯನ್ನು ನುಂಗಿಬಿಡುತ್ತದೆ. ಬೆಳೆ ಚೆನ್ನಾಗಿ ಬಂದಷ್ಟೂ ಜಾಲ ಸಾಯುತ್ತದೆ! ಕೆಳಗಿನ ಆವರ್ತನ ಎಲೆಗಳ ನಡುವೆ ಹೆಚ್ಚು ಚೆನ್ನಾಗಿ ಸಾಗುತ್ತದೆ. ಅದಕ್ಕೆ ನಮ್ಮಲ್ಲಿ ಜಾಗವೂ ಇದೆ. 865ರಿಂದ 867 ಮೆಗಾಹರ್ಟ್ಸಿನ ಪಟ್ಟಿಯನ್ನು ಭಾರತ ಸರ್ಕಾರ 2005ರಲ್ಲೇ ಲೈಸೆನ್ಸಿನಿಂದ ಮುಕ್ತಗೊಳಿಸಿತು, 2021ರಲ್ಲಿ ಅದನ್ನು 868ರವರೆಗೆ ಹಿಗ್ಗಿಸಿತು. ಕೆರೆಯಂಗಳದಂತೆ ಎಲ್ಲರಿಗೂ ಸೇರಿದ ಜಾಗ ಅದು.

ಲೋರಾ ಇದೆಯಲ್ಲ, ಎನ್ನುತ್ತಾರೆ. ಇದೆ, ಆ ಪಟ್ಟಿಯಲ್ಲೇ ಕೆಲಸ ಮಾಡುತ್ತದೆ, ಕಿಲೋಮೀಟರುಗಟ್ಟಲೆ ಹೋಗುತ್ತದೆ. ಆದರೆ ಅದರ ಅಲೆಯ ವಿದ್ಯೆ ಸೆಮ್‌ಟೆಕ್ ಎಂಬ ಒಂದು ಕಂಪನಿಯ ಪೇಟೆಂಟಿನಲ್ಲಿದೆ, ಅದರ ಮೇಲೆ ಕಟ್ಟಿದ ಲೋರಾವಾನ್ ಜಾಲಕ್ಕೆ ಗೇಟ್‌ವೇ ಬೇಕು, ಗೇಟ್‌ವೇಗೆ ಸರ್ವರ್ ಬೇಕು. ತಿರುಗಿ ಮೋಡಕ್ಕೇ ಬಂದೆವು. ಎರಡು ಡಬ್ಬಿಗಳು ಅಕ್ಕಪಕ್ಕದಲ್ಲಿದ್ದರೂ ಆ ಕಟ್ಟಳೆಯಲ್ಲಿ ಸಾಮಾನ್ಯವಾಗಿ ನೇರ ಮಾತಾಡುವಂತಿಲ್ಲ. ಇನ್ನು ಸಣ್ಣ ಯಂತ್ರಕ್ಕೂ ಇಂಟರ್‌ನೆಟ್ ವಿಳಾಸ ಕೊಡುವ ಹುಮ್ಮಸ್ಸಿನ ಬಗ್ಗೆ ಎರಡು ಮಾತು. 802.15.4ರ ಒಂದು ಲಕೋಟೆಯಲ್ಲಿ ಹಿಡಿಸುವುದು 127 ಬೈಟು, ಐಪಿವಿ6ರ ವಿಳಾಸಪಟ್ಟಿಯೊಂದೇ 40 ಬೈಟು. ಅದನ್ನು ಕುಗ್ಗಿಸಲು 2007ರಲ್ಲಿ ಇನ್ನೊಂದು ಮಾನಕ ಬರೆಯಬೇಕಾಯಿತು. ಮಾಡಿದವರು ಜಾಣರು, ಕೆಲಸ ಅಚ್ಚುಕಟ್ಟು, ಆದರೆ ‘ಮೋಟರು ಚಾಲೂ’ ಎಂಬ ಒಂದು ಬಿಟ್ಟಿನ ಸುದ್ದಿಗೆ ಈ ಮೆರವಣಿಗೆ ಬೇಕೇ?

ಸರಳ ಯಂತ್ರದ ರೇಡಿಯೋದಲ್ಲಿ ನಿಜವಾದ ಕಷ್ಟ ಇರುವುದು ಮಾತಿನಲ್ಲಲ್ಲ, ಕೇಳುವುದರಲ್ಲಿ. ಹೊರಗಿನವರಿಗೆ ಇದು ವಿಚಿತ್ರ ಅನ್ನಿಸುತ್ತದೆ. ಇಂಥ ಚಿಪ್ಪುಗಳಲ್ಲಿ ಸುದ್ದಿ ಕಳಿಸಲು ಎಷ್ಟು ಕರೆಂಟು ಬೇಕೋ ಕಿವಿಗೊಟ್ಟು ಕಾಯಲೂ ಹತ್ತಿರಹತ್ತಿರ ಅಷ್ಟೇ ಬೇಕು, 20 ಮಿಲಿ ಆಂಪಿಯರಿನ ಆಸುಪಾಸು. ಸ್ಟಾರ್ಟರ್ ಡಬ್ಬಿಗೇನೋ ಲೈನಿನ ಕರೆಂಟು ಇದೆ. ಆದರೆ ಕೃಷಿ ಹೊಂಡದ ನೀರಿನ ಮಟ್ಟ ನೋಡುವ ಕಡ್ಡಿಗೆ, ರಾಣೆಬೆನ್ನೂರಿನ ಬೀಜೋತ್ಪಾದನೆಯ ಪರದೆಮನೆಯೊಳಗೆ ತೂಗುಹಾಕಿದ ಉಷ್ಣಮಾಪಕಕ್ಕೆ ಇರುವುದು ಎರಡು ಪೆನ್ಸಿಲ್ ಸೆಲ್. 2000 ಮಿಲಿ ಆಂಪಿಯರ್ ತಾಸಿನ ಸೆಲ್ಲಿನ ಮೇಲೆ ಸದಾ ಕಿವಿ ತೆರೆದು ಕೂತರೆ 100 ತಾಸಿಗೆ, ಅಂದರೆ ನಾಲ್ಕು ದಿನಕ್ಕೆ ಮುಗಿಯಿತು. ನೂರರಲ್ಲಿ ಒಂದು ಪಾಲು ಹೊತ್ತು ಮಾತ್ರ ಎಚ್ಚರವಿದ್ದರೆ ಒಂದು ವರ್ಷದ ಮೇಲೆ ಬರುತ್ತದೆ. ಎಚ್ಚರವಾಗುವ ಗಳಿಗೆ ಎಲ್ಲರದೂ ಕೂಡಿಬರಬೇಕು, ಆದರೆ ಎಲ್ಲರೂ ಒಟ್ಟಿಗೆ ಬಾಯಿ ತೆರೆಯಬಾರದು. 1971ರಲ್ಲಿ ಹವಾಯಿಯ ದ್ವೀಪಗಳ ನಡುವೆ ಅಲೋಹಾ ಜಾಲ ಕಟ್ಟಿದಾಗಿನಿಂದ ಈ ಲೆಕ್ಕ ಗೊತ್ತಿದೆ. ತೋಚಿದಾಗ ಮಾತಾಡಲು ಬಿಟ್ಟರೆ ಇರುವ ಹೊತ್ತಿನಲ್ಲಿ ಶೇ 18ರಷ್ಟೇ ಉಪಯೋಗಕ್ಕೆ ಬರುತ್ತದೆ, ಉಳಿದದ್ದು ಡಿಕ್ಕಿ ಮತ್ತು ಮೌನ. ಮಾತು ಶುರುಮಾಡುವ ಗಳಿಗೆಗಳನ್ನು ಗೊತ್ತುಮಾಡಿದರೆ ಅದು ಎರಡರಷ್ಟಾಗುತ್ತದೆ. ಬ್ಯಾಡಗಿ ಮಾರುಕಟ್ಟೆಯ ದಲಾಲಿ ಅಂಗಡಿಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಷ್ಟು ಚೀಲ ಬರುವ ದಿನ ಎಲ್ಲರೂ ಕೂಗಿ ಬೆಲೆ ಕಟ್ಟಿದರೆ ಸಂಜೆಯಾದರೂ ವ್ಯಾಪಾರ ಮುಗಿಯದು. ಲಾಟಿಗೊಂದು ನಂಬರು, ಟೆಂಡರಿಗೊಂದು ಹೊತ್ತು ಎಂದು ಇಟ್ಟದ್ದು ಅದಕ್ಕೇ.

ಇಷ್ಟೆಲ್ಲ ಗೊತ್ತಿದ್ದೂ ಯಾಕೆ ಆಗಿಲ್ಲ? ನನ್ನ ಜಗಳ ಕಂಪನಿಗಳ ಜೊತೆಗಿಂತ ನಮ್ಮ ಸಂಶೋಧನಾ ಲೋಕದ ಜೊತೆ ಹೆಚ್ಚು. 2000ದಲ್ಲಿ ಎಂಐಟಿಯ ವೆಂಡಿ ಹೈನ್ಸೆಲ್‌ಮನ್ ಮತ್ತು ಸಂಗಡಿಗರು ಲೀಚ್ ಎಂಬ ಪ್ರೋಟೊಕಾಲನ್ನು ಮಂಡಿಸಿದರು. ಸೆನ್ಸರುಗಳು ಗುಂಪು ಕಟ್ಟಿಕೊಂಡು, ಪಾಳಿಯ ಮೇಲೆ ಗುಂಪಿನ ಯಜಮಾನಿಕೆ ಮಾಡುವ ಸುಂದರ ಕಲ್ಪನೆ. ಅಂದಿನಿಂದ ನಮ್ಮ ದೇಶದಲ್ಲಿ ಲೀಚಿನ ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಹುಟ್ಟುತ್ತಲೇ ಇದ್ದಾರೆ. ಚೌಕಾಕಾರದ ಒಂದು ಕಾಲ್ಪನಿಕ ಹೊಲ, ಅದರಲ್ಲಿ ಎರಚಿದ ನೂರು ಚುಕ್ಕಿಗಳು, ಮ್ಯಾಟ್‌ಲ್ಯಾಬಿನ ಒಂದು ಗೆರೆಚಿತ್ರ, ‘ಜಾಲದ ಆಯುಷ್ಯ ಇಷ್ಟು ಶೇಕಡಾ ಹೆಚ್ಚಿತು’ ಎಂಬ ಒಂದು ವಾಕ್ಯ. ಆ ಹೊಲದಲ್ಲಿ ಜೋಳ ಬೆಳೆಯುವುದಿಲ್ಲ, ಮಳೆಯಾಗುವುದಿಲ್ಲ, ಇಲಿ ವೈರು ಕಡಿಯುವುದಿಲ್ಲ. ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಟ್ಟು ಸೆನ್ಸರಿನ ಕಡ್ಡಿಗೂ ಮಣ್ಣಿಗೂ ನಡುವೆ ಗಾಳಿ ತುಂಬಿ ಸುಳ್ಳು ಅಂಕಿ ಬರುವುದಂತೂ ಇಲ್ಲವೇ ಇಲ್ಲ. ಇಂಥದಕ್ಕೆ ಪದವಿ ಸಿಗುತ್ತದೆ. ಪಾಳಿಯ ಡಬ್ಬಿಯ ವಿಚಾರವನ್ನು ಪರಿಶೀಲನಾ ಸಭೆಯೊಂದರಲ್ಲಿ ಮಂಡಿಸಿದಾಗ ನನಗೆ ಬಂದ ಪ್ರಶ್ನೆ ಒಂದೇ: ‘ಇದರಲ್ಲಿ ನಾವೆಲ್ಟಿ ಏನಿದೆ?’ ಟಿಸಿ ಸುಡದಿರುವುದು ನಾವೆಲ್ಟಿಯ ಪಟ್ಟಿಯಲ್ಲಿ ಬರುವುದಿಲ್ಲವಂತೆ.

ಬೇರೆ ರೀತಿ ಮಾಡಿದವರು ಇಲ್ಲದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಸ್ವಿಟ್ಜರ್ಲೆಂಡಿನ ಇಪಿಎಫ್‌ಎಲ್ ಸೇರಿ 2004ರ ಹೊತ್ತಿಗೆ ಪಾವಗಡ ತಾಲ್ಲೂಕಿನ ಚೆನ್ನಕೇಶವಪುರದಲ್ಲಿ ಕಾಮನ್‌ಸೆನ್ಸ್ ನೆಟ್ ಎಂಬ ಯೋಜನೆ ಶುರುಮಾಡಿದವು. ಮಳೆಯನ್ನೇ ನಂಬಿ ಕಡಲೆಕಾಯಿ ಬೆಳೆಯುವವರಿಗೆ ಯಾವ ಮಾಹಿತಿ ಬೇಕು ಎಂದು ಮೊದಲು ಅವರನ್ನೇ ಕೇಳಿದರು, ಆಮೇಲೆ ಸೆನ್ಸರ್ ನೆಟ್ಟರು. ಆ ಕೆಲಸದ ಮೇಲೆ ಜಾಕ್ ಪಂಶಾರ್ 2008ರಲ್ಲಿ ಮಹಾಪ್ರಬಂಧ ಬರೆದರು. ಅದೇ ಪಾವಗಡ ಈಗ ಸೋಲಾರ್ ಪಾರ್ಕಿನಿಂದ ಹೆಸರಾಗಿದೆ, ಕಡಲೆಕಾಯಿ ಹೊಲದ ಆ ಜಾಲವನ್ನು ನಮ್ಮ ಇಂಜಿನಿಯರಿಂಗ್ ತರಗತಿಗಳಲ್ಲಿ ನೆನೆಯುವವರು ಕಡಿಮೆ. ರಾಣೆಬೆನ್ನೂರು ತಾಲ್ಲೂಕಿನ ಹನುಮನಮಟ್ಟಿಯಲ್ಲಿ ಕೃಷಿ ಕಾಲೇಜಿದೆ, ಹಾವೇರಿ ಪಕ್ಕದ ದೇವಗಿರಿಯಲ್ಲಿ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿದೆ. ಒಂದರಲ್ಲಿ ಮಣ್ಣು ಬಲ್ಲವರು, ಇನ್ನೊಂದರಲ್ಲಿ ರೇಡಿಯೋ ಬಲ್ಲವರು. ನಡುವಿನ ದಾರಿ ಬಸ್ಸಿನಲ್ಲಿ ಹೋಗಿಬರುವಷ್ಟೇ.

‘ರೈತನಿಗೆ ಬೇಕಾದದ್ದು ಬೆಲೆ, ನಿನ್ನ ರೇಡಿಯೋ ಅಲ್ಲ’ ಎಂಬ ಆಕ್ಷೇಪಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ, ಇರಬೇಕಾಗಿಯೂ ಇಲ್ಲ. 2024ರ ಮಾರ್ಚ್ 11ರಂದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದರ ಕುಸಿದಾಗ ರೊಚ್ಚಿಗೆದ್ದವರು ಮಾರುಕಟ್ಟೆ ಸಮಿತಿಯ ಕಚೇರಿಗೆ, ವಾಹನಗಳಿಗೆ ಬೆಂಕಿಯಿಟ್ಟರು. ಅವತ್ತು ಅವರಿಗೆ ಮಾಹಿತಿಯ ಕೊರತೆಯಿರಲಿಲ್ಲ, ದರ ಎಷ್ಟೆಂದು ಚೆನ್ನಾಗಿ ಗೊತ್ತಿತ್ತು. ಡೇಟಾ ಕೊಟ್ಟರೆ ರೈತ ಉದ್ಧಾರವಾಗುತ್ತಾನೆ ಎನ್ನುವ ಸ್ಮಾರ್ಟ್ ಕೃಷಿಯ ಭಾಷಣಕಾರರು ಆ ಸೋಮವಾರವನ್ನು ನೆನಪಿಟ್ಟುಕೊಳ್ಳಲಿ. ರೇಡಿಯೋ ದರ ಏರಿಸುವುದಿಲ್ಲ. ಮೋಟರು ಸುಟ್ಟು ರೀವೈಂಡಿಂಗಿಗೆ ಸುರಿಯುವ ದುಡ್ಡನ್ನು ಉಳಿಸಬಹುದು, ಹೂ ಉದುರುವ ವಾರದಲ್ಲಿ ನೀರು ತಪ್ಪದಂತೆ ನೋಡಿಕೊಳ್ಳಬಹುದು. ಅಷ್ಟನ್ನೇ ಅದು ಹೇಳಿಕೊಳ್ಳಬೇಕು.

ಇನ್ನು ಡಬ್ಬಿಗೆ ತಗಲುವುದು: ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುವ ಸಣ್ಣ ಕಂಟ್ರೋಲರು, ಒಂದು ರೇಡಿಯೋ ಚಿಪ್ಪು, ಒಂದು ರಿಲೇ, ಕೆಲವು ನೂರು ರೂಪಾಯಿ. ಕಟ್ಟಳೆಯನ್ನು ಯಾರು ಬೇಕಾದರೂ ಓದುವಂತೆ, ತಿದ್ದುವಂತೆ ಬರೆದಿಡಬೇಕು. ಊರಿನ ರೀವೈಂಡಿಂಗ್ ಅಂಗಡಿಯಲ್ಲೇ ರಿಪೇರಿಯಾಗಬೇಕು. ಕಷ್ಟ ಬರುವುದು ಬೇರೆ ಕಡೆ. ರಿಲೇಗೆ ವೈರು ಸುತ್ತಿ ‘ನನ್ನದು ಮೊದಲು’ ಎನ್ನುವವನೊಬ್ಬ ಪ್ರತಿ ಟಿಸಿಯ ಕೆಳಗೂ ಇದ್ದೇ ಇರುತ್ತಾನೆ. ಅವನನ್ನು ತಡೆಯುವ ಶಕ್ತಿ ಚಿಪ್ಪಿಗಿಲ್ಲ, ಉಳಿದ ಒಂಬತ್ತು ಜನರಿಗೆ ಅವನ ಹೆಸರು ಹೇಳುವ ಶಕ್ತಿಯಷ್ಟೇ ಇದೆ. ಕಡೆಯ ಪಾಳಿಯವನೂ ಸುಮ್ಮನೆ ಒಪ್ಪುವುದಿಲ್ಲ. ಮೋಟರಿಗೆ 20 ಸೆಕೆಂಡಿನಂತೆ ಹಿಡಿದರೆ ಅವನು ಕಾಯಬೇಕಾದದ್ದು 3 ನಿಮಿಷ, 7 ತಾಸಿನಲ್ಲಿ. ಆದರೂ ದಿನಕ್ಕೊಮ್ಮೆ ಸರತಿ ತಿರುಗಿಸಿ, ಇವತ್ತು ಕಡೆಯವನಾದವನು ನಾಳೆ ಮೊದಲಿಗನಾಗುವಂತೆ ಬರೆದಿದ್ದೇನೆ.

ರಾಣೆಬೆನ್ನೂರಿನ ರೀವೈಂಡಿಂಗ್ ಅಂಗಡಿಯವರೊಬ್ಬರಿಗೆ ಇದನ್ನೆಲ್ಲ ವಿವರಿಸಿದೆ. ಸುಟ್ಟ ತಾಮ್ರದ ತಂತಿ ಬಿಚ್ಚುತ್ತಲೇ ಪೂರ್ತಿ ಕೇಳಿಸಿಕೊಂಡರು. ‘ಹಂಗಾರ ನಮ್ಮ ಹೊಟ್ಟಿ ಮ್ಯಾಲ ಹೊಡ್ಯಾಕ ಬಂದೀರಿ ಅನ್ರಿ’ ಎಂದು ನಕ್ಕು, ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: ‘ಆ ಡಬ್ಬಿ ಕೆಟ್ರ ರಿಪೇರಿ ಮಾಡೂದು ನಮಗ ಕಲಸ್ತೀರೇನ್ರಿ?’