ದುಬೈ ಎಷ್ಟು ದೂರ?

ದುಬೈ ಎಷ್ಟು ದೂರ ಎಂದು ನಮ್ಮ ತರಗತಿಯಲ್ಲಿ ಕೇಳಿ ನೋಡಿ. "ಮೂರೂವರೆ ಗಂಟೆ" ಎಂಬ ಉತ್ತರ ಬರುತ್ತದೆ. ಕಿಲೋಮೀಟರ್ ಲೆಕ್ಕ ಯಾರ ಬಾಯಲ್ಲೂ ಬರುವುದಿಲ್ಲ. ಮಂಗಳೂರಿನಿಂದ ದುಬೈಗೆ ನೇರ ದಾರಿಯಲ್ಲಿ ಸುಮಾರು 2,450 ಕಿ.ಮೀ. ಬೆಂಗಳೂರು ರಸ್ತೆಯಲ್ಲಿ 350 ಕಿ.ಮೀ. ಆಸುಪಾಸು. ಆದರೆ ಶಿರಾಡಿ ಘಾಟಿ ಹತ್ತುವ ಬಸ್ಸಿಗೆ ಏಳೆಂಟು ಗಂಟೆ ಬೇಕು. ಗಡಿಯಾರದ ಲೆಕ್ಕದಲ್ಲಿ ನಮಗೆ ದುಬೈಯೇ ಹತ್ತಿರ!

ಟಿಕೆಟ್ ನೋಡಿದರೆ ಇನ್ನೂ ತಮಾಷೆ. ಬೆಳಗ್ಗೆ 10ಕ್ಕೆ ಹೊರಟ ವಿಮಾನ ಅಲ್ಲಿ 12ಕ್ಕೆ ಇಳಿಯುತ್ತದೆ. ಬರುವಾಗ ಅದೇ ದಾರಿಗೆ ಐದು ಗಂಟೆ ಹಿಡಿದಂತೆ ಕಾಣುತ್ತದೆ. ಅಲ್ಲಿನ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದಿದೆ, ಅಷ್ಟೇ.

ನನ್ನ ಅಜ್ಜ ಗಲ್ಫಿಗೆ ಹೋಗುವಾಗ ಮೊದಲು ಬಸ್ಸಿನಲ್ಲಿ ಮುಂಬೈ ಸೇರಬೇಕಿತ್ತು. 2006ರಲ್ಲಿ ಮಂಗಳೂರಿನಿಂದಲೇ ದುಬೈಗೆ ವಿಮಾನ ಶುರುವಾಯಿತು. ಅಂದಿನಿಂದ ದೂರವೇ ಉಳಿದಿಲ್ಲ ಎನ್ನುತ್ತಾರೆ. ಕಳೆದ ವರ್ಷದವರೆಗೆ ನಾನೂ ಹಾಗೆಯೇ ಅಂದುಕೊಂಡಿದ್ದೆ.

ಒಂದು ದಿನ ಸುಬಹಿಯ ಹೊತ್ತಿಗೆ ಅಜ್ಜಿ ತೀರಿಕೊಂಡರು. ಉಪ್ಪನಿಗೆ ಫೋನ್ ಮಾಡಿದೆವು. ಅಂದು ಮಧ್ಯಾಹ್ನದ ವಿಮಾನದಲ್ಲಿ ಸೀಟು ಇತ್ತು. ದಫನವನ್ನು ರಾತ್ರಿಯವರೆಗೆ ಕಾಯಿಸಲು ಜಮಾಅತಿನವರೂ ಒಪ್ಪಿದ್ದರು. ಆದರೆ ಉಪ್ಪನ ಪಾಸ್‌ಪೋರ್ಟ್ ಅವರ ಕಂಪನಿಯ ಕಪಾಟಿನಲ್ಲಿತ್ತು. ಅಂದು ಕಚೇರಿಗೆ ರಜೆ. ಕೀಲಿ ಇದ್ದವರು ಫೋನ್ ಎತ್ತಲಿಲ್ಲ. ತನ್ನ ತಾಯಿಯ ಜನಾಝ ನಮಾಝನ್ನು ಉಪ್ಪ ವಿಡಿಯೋ ಕಾಲ್‌ನಲ್ಲಿ ನೋಡಿದರು. ಮನೆಗೆ ಬಂದದ್ದು ನಾಲ್ಕನೇ ದಿನ.

ದೂರವನ್ನು ವೇಗದಿಂದ ಭಾಗಿಸಿದರೆ ಸಮಯ ಸಿಗುತ್ತದೆ ಎಂದು ಭೌತಶಾಸ್ತ್ರದಲ್ಲಿ ಕಲಿತಿದ್ದೇವೆ. ದುಡಿಯಲು ಹೋದವರ ಪ್ರಯಾಣಕ್ಕೆ ಈ ಸೂತ್ರ ಸಾಲದು. ಅವರ ದೂರವನ್ನು ರಜೆಯಿಂದ, ಪೆರ್ನಾಲ್ ಸಮಯದಲ್ಲಿ ಏರುವ ಟಿಕೆಟ್ ದರದಿಂದ, ಪಾಸ್‌ಪೋರ್ಟ್ ಯಾರ ಕೈಯಲ್ಲಿದೆ ಎಂಬುದರಿಂದ ಅಳೆಯಬೇಕು.

ನನಗೆ ಹೆಚ್ಚು ನೋವಾದದ್ದು ಆಮೇಲೆ. ನೌಕರರ ದಾಖಲೆಗಳನ್ನು ಮಾಲೀಕರು ಇಟ್ಟುಕೊಳ್ಳುವಂತಿಲ್ಲ ಎಂದು 2022ರಲ್ಲಿ ಜಾರಿಗೆ ಬಂದ ಯುಎಇ ಕಾರ್ಮಿಕ ಕಾನೂನು ಹೇಳುತ್ತದೆ. ತಂದೆ ಅಥವಾ ತಾಯಿ ತೀರಿಕೊಂಡರೆ ಖಾಸಗಿ ಕಂಪನಿಯ ನೌಕರರಿಗೆ ಮೂರು ದಿನ ಸಂಬಳಸಹಿತ ರಜೆಯೂ ಇದೆ. ಇಷ್ಟು ವರ್ಷ ಅಲ್ಲಿ ದುಡಿದ ಉಪ್ಪನಿಗೆ ಇದನ್ನು ಯಾರೂ ಹೇಳಿರಲಿಲ್ಲ. ನಾವೂ ಕೇಳಿರಲಿಲ್ಲ. ಅವರು ಫೋನ್ ಮಾಡಿದಾಗೆಲ್ಲ ಏನು ತರುತ್ತೀರಿ ಎಂದು ಮಾತ್ರ ಕೇಳುತ್ತಿದ್ದೆವು.

ನಮ್ಮಲ್ಲಿ ಹಲವರು ನಾಳೆ ಅದೇ ವಿಮಾನ ಹತ್ತುವವರು. ಸಂಬಳ ಎಷ್ಟು ಎಂದು ಕೇಳುವ ಜೊತೆಗೆ ರಜೆ ಎಷ್ಟು, ತುರ್ತು ಬಂದರೆ ಯಾರನ್ನು ಕೇಳಬೇಕು ಎಂದೂ ಕೇಳಿ ತಿಳಿದುಕೊಳ್ಳೋಣ. ಮನೆಯವರು ಅಲ್ಲಿದ್ದರೆ ಇವತ್ತು ರಾತ್ರಿಯೇ ಒಂದು ಮಾತು ಕೇಳಿ: "ನಿಮ್ಮ ಪಾಸ್‌ಪೋರ್ಟ್ ಎಲ್ಲಿದೆ?"